ರಜೆಯಲ್ಲಿ ಮಗಳ ಕೈಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸ್ ಮುಗಿಸಿದ್ದಾಳೆ. ನಮ್ಮದು ದಾವಣಗೆರೆ ಕಡೆಯ ತಾಂಡಾ, ಮನೇಲಿ ಲಂಬಾಣಿ ಮಾತು. ಸ್ಕೂಲಲ್ಲಿ ಯಾರೋ ಆಡಿಕೊಂಡರಂತೆ. ಈಗ ಗೆಳತಿಯರ ಮುಂದೆ ನಾನು ಫೋನ್ ಮಾಡಿದರೆ ‘ಕನ್ನಡದಲ್ಲೇ ಮಾತಾಡು’ ಅನ್ನುತ್ತಾಳೆ. ಇಂಥದ್ದರ ಬಗ್ಗೆ ಇರುವ ಪುಸ್ತಕ ಹೇಳಿ. ವಯಸ್ಸಿಗೆ ಮೀರಿದ್ದು ಬೇಡ.
— ಒಬ್ಬ ತಾಯಿ

ಉತ್ತರ: ಮೊದಲಿಗೆ, ‘ಇದು ನಿನಗೋಸ್ಕರ ತಂದೆ’ ಅಂತ ಕೊಡಬೇಡಿ. ಈ ವಯಸ್ಸಿನ ಮಕ್ಕಳಿಗೆ ಔಷಧಿ ವಾಸನೆ ಬೇಗ ಹತ್ತುತ್ತದೆ. ಮಂಚದ ಮೇಲೋ ಟಿವಿ ಪಕ್ಕದಲ್ಲೋ ಸುಮ್ನೆ ಬಿದ್ದಿರಲಿ. ಹೈಸ್ಕೂಲ್ ಲೈಬ್ರರಿಯಲ್ಲಿ ಇಷ್ಟು ವರ್ಷ ಕೂತು ನಾನು ಕಲಿತ ಉಪಾಯ ಇದೊಂದೇ.

ನಾನಾದರೆ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಿಂದ ಶುರು ಮಾಡುತ್ತೇನೆ. ದಲಿತ ಕವಿಯ ಆತ್ಮಕತೆ, ಆದರೆ ಅಳಿಸುವುದಕ್ಕಿಂತ ನಗಿಸುವುದೇ ಜಾಸ್ತಿ. ಶುರುವಿನಲ್ಲೇ ಇಬ್ಬರ ಹೆಗಲಿಗೆ ನೊಗ ಇಟ್ಟು, ಎತ್ತಿನ ಹಾಗೆ ಹೊಲ ಉಳುವುದನ್ನು ಒಬ್ಬ ಹುಡುಗ ನೋಡುತ್ತಾ ನಿಂತಿದ್ದಾನೆ. ಆ ಇಬ್ಬರಲ್ಲಿ ಒಬ್ಬರು ಅವನಪ್ಪ! ಇಷ್ಟು ದೊಡ್ಡ ಸಂಕಟವನ್ನು ಗೋಳಾಡದೆ ಹೇಳಿಬಿಡುತ್ತಾರೆ. ಆಡಿಕೊಂಡವರ ಮುಂದೆ ತಲೆ ತಗ್ಗಿಸಿದ ಹುಡುಗಿಗೆ ಈ ನಗು ಬೇಕು ಅನಿಸುತ್ತದೆ ನನಗೆ.

ಆಮೇಲೆ ದೇವನೂರ ಮಹಾದೇವ ಅವರ ‘ಒಡಲಾಳ’. ಚಿಕ್ಕ ಪುಸ್ತಕ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಹುಡುಕುತ್ತಿದ್ದಾಳೆ, ಕತೆ ಅಲ್ಲಿಂದ ಹೊರಡುತ್ತದೆ. ಮಾತೆಲ್ಲ ನಂಜನಗೂಡು ಸೀಮೆಯದು, ಪಠ್ಯಪುಸ್ತಕದ ಕನ್ನಡ ಅಲ್ಲವೇ ಅಲ್ಲ. ನಿಮ್ಮ ಮಗಳಿಗೆ ಮೊದಲೆರಡು ಪುಟ ಕಷ್ಟ ಆಗಬಹುದು, ಆಗಲಿ ಬಿಡಿ. ಮನೆಮಾತು ಹೀಗೆ ರಾಜಾರೋಷವಾಗಿ ಅಚ್ಚಾಗುತ್ತದೆ ಅಂತ ಅವಳೇ ಕಣ್ಣಾರೆ ನೋಡಬೇಕು.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡು ಕಡೆಯ ಮುಸ್ಲಿಂ ಹೆಣ್ಣುಮಗಳು ನಾದಿರಾಳ ಕತೆ. ಕೊನೆ ಬಹಳ ಭಾರ, ಓದಿದ ದಿನ ಜೊತೆಗಿರಿ. ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಜೀವನಕತೆ ‘ನಡುವೆ ಸುಳಿವ ಹೆಣ್ಣು’ ಕೂಡ ಒಳ್ಳೆಯದೇ, ಆದರೆ ಹಿಂಸೆಯ ಪ್ರಸಂಗಗಳಿವೆ. ಮೊದಲು ನೀವು ಓದಿ, ಆಮೇಲೆ ತೀರ್ಮಾನಿಸಿ. ವಸುಧೇಂದ್ರರ ‘ಮೋಹನಸ್ವಾಮಿ’ ಸಲಿಂಗಿಯೊಬ್ಬನ ಕತೆಗಳು, ಅದು ಪಿಯುಸಿ ಮುಗಿದ ಮೇಲೆ ಸಾಕು.

‘ಲಂಬಾಣಿಯವರ ಬಗ್ಗೆ ಒಂದೂ ಹೇಳಲಿಲ್ಲವಲ್ಲ’ ಅನ್ನುತ್ತೀರಿ, ಅಲ್ವಾ? ಬೇಕೆಂದೇ ಕೊನೆಗೆ ಇಟ್ಟೆ. ನೋವಾದ ಜಾಗಕ್ಕೇ ಮೊದಲು ಕೈ ಹಾಕಿದರೆ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ, ಬೇರೆಯವರ ಕತೆಯಲ್ಲಿ ಒಂದಿಷ್ಟು ಸುತ್ತಾಡಿ ಬರಲಿ. ನಿಮ್ಮದೇ ಸಮುದಾಯದ ಬಿ.ಟಿ. ಲಲಿತಾ ನಾಯಕ್ ಮಂತ್ರಿಯೂ ಆಗಿದ್ದರು, ಕನ್ನಡದ ಗಟ್ಟಿ ಲೇಖಕಿಯೂ ಹೌದು. ಅವರ ಕತೆ, ಕವನ ಹುಡುಕಿ. ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಲ್ಲಿ ಕೇಳಿ. ಇಲ್ಲದಿದ್ದರೆ ತಾಲ್ಲೂಕಿನ ಲೈಬ್ರರಿಗೆ ಹೋಗಿ.

ಇನ್ನೊಂದು. ಲಂಬಾಣಿಗೆ ಸ್ವಂತ ಲಿಪಿ ಇಲ್ಲ, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ನೂರು ಪುಟದ ನೋಟ್‌ಬುಕ್ ಒಂದು ತಂದಿಡಿ. ಅಜ್ಜಿ ಹೇಳುವ ಹಾಡುಗಳನ್ನು ಮಗಳು ಬರೆದುಕೊಳ್ಳಲಿ. ಕಾಗುಣಿತ ಹೇಗೆ ಅಂತ ಅವಳೇ ತಲೆ ಕೆಡಿಸಿಕೊಳ್ಳಲಿ, ನೀವು ತಿದ್ದಲು ಹೋಗಬೇಡಿ. ‘ಎಷ್ಟು ಪುಟ ಆಯ್ತು’ ಅಂತ ಅಂತೂ ಕೇಳಲೇಬೇಡಿ.