ಕೈಕುಲುಕಿದವರನ್ನು ಊಟಕ್ಕೆ ಕರೆಯಲು ಅಂಜಿಕೆ ಏಕೆ?

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, ವಯಸ್ಸು 47. ನಮ್ಮ ಪ್ರಾಟೆಸ್ಟಂಟ್ ಸಭೆಗೆ ಈಚೆಗೆ ನಾಗಾಲ್ಯಾಂಡ್‌ನ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರೂ ನೈಜೀರಿಯಾದ ಒಬ್ಬ ವಿದ್ಯಾರ್ಥಿಯೂ ಬರುತ್ತಿದ್ದಾರೆ. ಒಂದು ಭಾನುವಾರ ಊಟಕ್ಕೆ ಕರೆಯೋಣ ಎಂದೆ. ‘ಚರ್ಚಿನಲ್ಲಿ ಕೈಕುಲುಕಿದರೆ ಸಾಲದೇ? ಬೀದಿಯವರು ಏನೆಂದಾರು? ಪೊಲೀಸರು ಬಂದು ಕೇಳಿದರೆ?’ ಎಂದು ಪತಿ ಸಿಡುಕಿದರು. ಅವರದು ತಪ್ಪೆಂದು ಗೊತ್ತು. ಆದರೆ ಕಳೆದ ಬಾರಿ ಕರ್ತನ ಭೋಜನದಲ್ಲಿ (ಎಲ್ಲರೂ ರೊಟ್ಟಿ ಹಂಚಿಕೊಂಡು ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿಯುವ ಆರಾಧನೆಯಲ್ಲಿ) ಆ ನೈಜೀರಿಯಾದ ಹುಡುಗನ ನಂತರ ನನ್ನ ಸರದಿ ಎಂದು ತಿಳಿದೊಡನೆ ನಾನೇ ಸಾಲಿನಲ್ಲಿ ಇಬ್ಬರ ಹಿಂದೆ ಸರಿದು ನಿಂತೆ. ಅಂದಿನಿಂದ ಪ್ರಾರ್ಥನೆಗೆ ಕುಳಿತರೂ ಅದೇ ನೆನಪು. ಏನು ಮಾಡಲಿ?

ಉತ್ತರ: ನಿಮ್ಮ ಪತಿ ಬಾಯಲ್ಲಿ ಹೇಳಿದ್ದನ್ನೇ ನೀವು ಕಾಲಲ್ಲಿ ಹೇಳಿದ್ದೀರಿ. ಇಬ್ಬರ ಹಿಂದೆ ನಿಂತರೂ ಕೈಗೆ ಬಂದದ್ದು ಅದೇ ಪಾತ್ರೆ. ಹಾಗಾಗಿ ಇದು ಎಂಜಲಿನ ಪ್ರಶ್ನೆಯಲ್ಲ ಎಂಬುದು ನಿಮಗೂ ಹೊಳೆದಿದೆ, ಅದಕ್ಕೇ ಕಾಡುತ್ತಿದೆ. ಕಾಡಲಿ ಬಿಡಿ.

ಈ ತಪ್ಪು ಮಾಡಿದವರಲ್ಲಿ ನೀವು ಮೊದಲಿಗರಲ್ಲ. ಯೇಸುವಿನ ಪ್ರಮುಖ ಶಿಷ್ಯ, ಸಾಕ್ಷಾತ್ ಪೇತ್ರನೇ ಮಾಡಿದ್ದಾನೆ. ಕೈಸರೈಯದಲ್ಲಿ ರೋಮನ್ ಸೈನ್ಯದ ಅಧಿಕಾರಿ ಕೊರ್ನೇಲ್ಯನ ಮನೆಯ ಹೊಸ್ತಿಲು ದಾಟಿ, ದೇವರು ಪಕ್ಷಪಾತಿಯಲ್ಲ ಎಂದು ಸಾರಿದವನು ಅವನು. ಮುಂದೆ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಲೂ ಇದ್ದ. ಅಂಥ ಸಹಭೋಜನವನ್ನು ಒಪ್ಪದ ಕೆಲವು ಯೆಹೂದ್ಯ ವಿಶ್ವಾಸಿಗಳು ಯೆರೂಸಲೇಮಿನಿಂದ ಬಂದರು ನೋಡಿ, ಮೆಲ್ಲಗೆ ಪಂಕ್ತಿಯಿಂದ ಎದ್ದುಬಿಟ್ಟ. ಅವನನ್ನು ನೋಡಿ ಪೌಲನ ಒಡನಾಡಿ ಬಾರ್ನಬನೂ ಎದ್ದ. ಅಪೊಸ್ತಲ ಪೌಲ ಎಲ್ಲರೆದುರು ಪೇತ್ರನನ್ನು ತರಾಟೆಗೆ ತೆಗೆದುಕೊಂಡದ್ದು ಬೈಬಲಿನಲ್ಲಿ, ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿದೆ. ಪೇತ್ರನ ನಂಬಿಕೆ ಬದಲಾಗಿರಲಿಲ್ಲ, ನೋಡುವ ಕಣ್ಣುಗಳು ಬದಲಾಗಿದ್ದವು. ನಿಮ್ಮ ಪತಿಯ ‘ಬೀದಿಯವರು’ ಅವರೇ.

ಇನ್ನೊಂದು ವಿಷಯ. ಅದೇ ಅಂತಿಯೋಕ್ಯದ ಸಭೆಯ ಪ್ರವಾದಿಗಳೂ ಬೋಧಕರೂ ಯಾರು? ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 13ನೇ ಅಧ್ಯಾಯದಲ್ಲಿ ಹೆಸರುಗಳಿವೆ: ‘ನೀಗರ’, ಅಂದರೆ ಕಪ್ಪು ಮನುಷ್ಯ, ಎನಿಸಿಕೊಂಡ ಸಿಮೆಯೋನ, ಇಂದಿನ ಲಿಬಿಯಾದಲ್ಲಿರುವ ಕುರೇನ್ಯದ ಲೂಕ್ಯ. ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿರಲಿಲ್ಲ. ನಾಗಾ ಹುಡುಗಿಯರನ್ನೂ ಹೊಸದಾಗಿ ನಂಬಿದವರೆಂದು ಭಾವಿಸಬೇಡಿ. ಅವರ ಬೆಟ್ಟಗಳಿಗೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು ಹೋದದ್ದು 1872ರಲ್ಲಿ. ಅವರ ಮುತ್ತಜ್ಜಿಯರು ಹಾಡಿದ ಸ್ತೋತ್ರಗಳ ಮುಂದೆ ನಮ್ಮ ಹಿರಿತನವೇನೂ ದೊಡ್ಡದಲ್ಲ. (ಮದುವೆ ಮಾತುಕತೆ ಬಂದಾಗ ಹಳೆಯ ಜಾತಿಯನ್ನು ನೆನಪಿಸಿಕೊಳ್ಳುವ ನಮ್ಮ ಸಭೆಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಬರೆಯದಿದ್ದರೆ ನೆನಪಿಸಿ.)

ಪೊಲೀಸರ ಭಯಕ್ಕೆ ಉತ್ತರ ಸುಲಭ. ವಿದೇಶಿಯರನ್ನು ಮನೆಯಲ್ಲಿ ತಂಗಲು ಬಿಟ್ಟರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಊಟ ಮಾಡಿ ಹೋಗುವವರಿಗೆ ಅದು ಬೇಕಿಲ್ಲ. ಇದನ್ನು ಪತಿಗೆ ಹೇಳಿ, ಆದರೆ ಜಗಳವಾಗಿ ಹೇಳಬೇಡಿ. ಸಾಲಿನಲ್ಲಿ ಹಿಂದೆ ಸರಿದ ಸಂಗತಿಯನ್ನು ಮೊದಲು ಹೇಳಿ. ‘ನಿಮ್ಮದು ತಪ್ಪು’ ಎನ್ನುವ ಹೆಂಡತಿಗಿಂತ ‘ನಾನೂ ಹೀಗೆ ಮಾಡಿದೆ’ ಎನ್ನುವ ಹೆಂಡತಿಯ ಮಾತು ಅವರ ಕಿವಿಗೆ ಬೇಗ ಬೀಳುತ್ತದೆ. ಆ ಹುಡುಗನ ಬಳಿ ಮಾತ್ರ ಹೋಗಿ ತಪ್ಪೊಪ್ಪಿಕೊಳ್ಳಬೇಡಿ. ಅವನು ಗಮನಿಸಿರದಿದ್ದರೆ ನಿಮ್ಮ ಹೊರೆ ಅವನ ಹೆಗಲೇರುತ್ತದೆ. ಮುಂದಿನ ಕರ್ತನ ಭೋಜನದಲ್ಲಿ ಸರದಿ ಹೇಗೆ ಬರುತ್ತದೋ ಹಾಗೆಯೇ ನಿಲ್ಲಿ.

ಕ್ರಿಸ್‌ಮಸ್ ತನಕ ಕಾಯಬೇಡಿ. ಅಂದು ನೆಂಟರ ಗದ್ದಲದಲ್ಲಿ ಅವರು ಪ್ರದರ್ಶನದ ವಸ್ತುಗಳಾಗುತ್ತಾರೆ. ಈ ಭಾನುವಾರವೂ ಬೇಡ, ಪತಿಗೆ ಒಂದು ವಾರ ಕೊಡಿ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮನೆಯಲ್ಲೇ ಬೆಣ್ಣೆ ದೋಸೆ, ಸಂಜೆಗೆ ಮಂಡಕ್ಕಿ ಮಿರ್ಚಿ. ಅವರ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಅವರಿಂದಲೇ ಕಲಿಯಿರಿ. ಹಾಡಲು ಒತ್ತಾಯಿಸಬೇಡಿ. ಖಾರ ಕಡಿಮೆ ಮಾಡುವ ಉಪಚಾರವೂ ಬೇಡ: ಅತಿ ಖಾರದ ರಾಜಾ ಮೆಣಸಿನಕಾಯಿಯ ನಾಗಾಲ್ಯಾಂಡ್‌ನಿಂದ ಬಂದವರಿಗೆ ನಮ್ಮ ಮಿರ್ಚಿ ಸಪ್ಪೆ ಅನ್ನಿಸಿದರೂ ಅನ್ನಿಸೀತು.