ಕೊಟ್ಟವರ ಹೆಸರಿರಲಿ, ಪಡೆದವರ ಫೋಟೋ ಬೇಡ

ಓದುಗರ ಪತ್ರ:

“ಸಂಪಾದಕರಿಗೆ ನಮಸ್ಕಾರ. ನಾನು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಯಹೂದಿ ಕುಟುಂಬಗಳು ಬಹಳ. ಆಫೀಸಿನಲ್ಲಿ ನನ್ನ ಗೆಳತಿಯೊಬ್ಬಳು ಅಲ್ಲಿಯವಳೇ. ಕಳೆದ ತಿಂಗಳು ನಮ್ಮ ಕನ್ನಡದವರೊಬ್ಬರು ತೀರಿಕೊಂಡರು. ಹೆಂಡತಿಗೆ ಕೆಲಸವಿಲ್ಲ. ಇಬ್ಬರು ಮಕ್ಕಳು, ದೊಡ್ಡವನಿಗೆ ಹದಿನಾಲ್ಕು. ನಾವೆಲ್ಲ ಹಣ ಒಟ್ಟು ಮಾಡಿ ಅವರಿಗೆ ಚೆಕ್ ಕೊಟ್ಟೆವು. ಆ ಫೋಟೋವನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದೆವು. ಗೆಳತಿಗೆ ತೋರಿಸಿದರೆ ಅವಳ ಮುಖ ಸಪ್ಪಗಾಯಿತು. ‘ನಮ್ಮಲ್ಲಿ ಹೀಗೆ ಮಾಡಬಾರದು, ಅದು ಎರಡು ಸಾವಿರ ವರ್ಷದ ಹಿಂದಿನ ನಿಯಮ’ ಅಂದಳು. ನನಗೆ ಬೇಜಾರಾಯಿತು. ಲೆಕ್ಕ ತೋರಿಸಬೇಡವೇ? ಕಣ್ಣಾರೆ ನೋಡಿದರೆ ತಾನೇ ಇನ್ನೊಬ್ಬರು ಕೊಡುವುದು? ಎರಡು ಸಾವಿರ ವರ್ಷದ ಹಿಂದಿನ ನಿಯಮ ಈ ಕಾಲಕ್ಕೆ ಹೊಂದುತ್ತದೆಯೇ?”

— ಹೆಸರು ಬೇಡ ಎಂದಿರುವ ಓದುಗರು, ಎಡಿಸನ್

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಬೇಜಾರಾಗಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ನನಗೆ ಇಷ್ಟವಾಯಿತು. ಒಬ್ಬ ಹೆಣ್ಣುಮಗಳು ಕಷ್ಟದಲ್ಲಿದ್ದಾಗ ಸುಮ್ನೆ ಕೂರದೆ ಓಡಾಡಿದವರು ನೀವು. ಆ ಗೌರವ ಇಟ್ಟುಕೊಂಡೇ ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಕಡೆಯ ಮಾತು. ಲೆಕ್ಕ ತೋರಿಸಬೇಕು, ನಿಜ. ನೋಡಿ ಕೊಡುವವರು ಇದ್ದಾರೆ, ಅದೂ ನಿಜ. ಯಹೂದಿ ಪಂಡಿತರೂ ಇದನ್ನು ಒಪ್ಪಿದ್ದಾರೆ. ಬಾರ್ಸಿಲೋನಾದಲ್ಲಿದ್ದ ಶ್ಲೋಮೊ ಇಬ್ನ್ ಅದ್ರೆತ್ ಎಂಬ ದೊಡ್ಡ ರಬ್ಬಿ, ಅಂದರೆ ಯಹೂದಿ ಧರ್ಮಗುರು, ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಏನಾದರೂ ಕೊಟ್ಟವರು ಅದರ ಮೇಲೆ ತಮ್ಮ ಹೆಸರು ಬರೆಸಿಕೊಳ್ಳಬಹುದು ಅಂತ 13ನೇ ಶತಮಾನದ ಹೊತ್ತಿಗೇ ತೀರ್ಪು ಕೊಟ್ಟಿದ್ದರು. ನಮ್ಮ ದೇವಸ್ಥಾನದ ಫ್ಯಾನಿನ ಮೇಲೆ ದಾನಿಗಳ ಹೆಸರು ಇರುತ್ತದಲ್ಲ, ಹಾಗೆ. ಇರಲಿ. ಅಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಆದರೆ ನಿಮ್ಮ ಫೋಟೋದಲ್ಲಿ ಇದ್ದದ್ದು ಫ್ಯಾನ್ ಅಲ್ಲ. ಗಂಡ ಸತ್ತು ತಿಂಗಳಾಗದ ಒಬ್ಬ ಹೆಂಗಸು. ನಿಮ್ಮ ಗೆಳತಿಯ ಮುಖ ಸಪ್ಪಗಾಗಿದ್ದು ಅದಕ್ಕೆ.

ಹೀಬ್ರೂ ಭಾಷೆಯಲ್ಲಿ ನಾವು ದಾನ ಅನ್ನುವುದಕ್ಕೆ ‘ತ್ಸೆದಾಕಾ’ ಅನ್ನುತ್ತಾರೆ. ಆ ಪದದ ಬೇರು ಇರುವುದು ನ್ಯಾಯದಲ್ಲಿ. ಕೊಡುವವನು ದೊಡ್ಡ ಮನಸ್ಸು ಮಾಡಿ ಕೊಟ್ಟ ಅನ್ನುವ ಭಾವವೇ ಅದರಲ್ಲಿಲ್ಲ. ಕೊಡಬೇಕಾದ್ದನ್ನು ಕೊಟ್ಟ, ಅಷ್ಟೇ. ದಾನ ತೆಗೆದುಕೊಂಡು ಬದುಕುವ ಬಡವನೂ ಅದರಲ್ಲೇ ಸ್ವಲ್ಪ ಬೇರೆಯವರಿಗೆ ಕೊಡಬೇಕು ಅಂತ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುಡ್ ಹೇಳುತ್ತದೆ. ಮೊದಲ ಸಲ ಓದಿದಾಗ ಇದು ಕ್ರೂರ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಅವನನ್ನು ಬರೀ ಕೈಚಾಚುವವನ ಜಾಗದಲ್ಲಿ ನಿಲ್ಲಿಸಬಾರದು ಅನ್ನುವುದೇ ಆ ನಿಯಮದ ಉದ್ದೇಶ.

ಅದೇ ತಾಲ್ಮುಡ್‌ನಲ್ಲಿ ರಬ್ಬಿ ಯನ್ನಾಯಿ ಅವರ ಒಂದು ಪ್ರಸಂಗ ಇದೆ. ಒಬ್ಬ ಮನುಷ್ಯ ಜನರ ಎದುರಿಗೇ ಬಡವನೊಬ್ಬನಿಗೆ ಬೆಳ್ಳಿ ನಾಣ್ಯ ಕೊಡುವುದನ್ನು ಅವರು ನೋಡಿದರಂತೆ. ನೀನು ಹೀಗೆ ಕೊಟ್ಟು ಅವನಿಗೆ ಅವಮಾನ ಮಾಡುವುದಕ್ಕಿಂತ ಕೊಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರಂತೆ. ಒಂದೇ ಸಾಲಿನ ಪ್ರಸಂಗ. ನಿಮ್ಮ ಗೆಳತಿ ಹೇಳಿದ್ದೂ ಇದನ್ನೇ, ಇನ್ನೂ ಮೆತ್ತಗೆ.

ಇದಕ್ಕಿಂತ ನನಗೆ ಜಾಸ್ತಿ ಇಷ್ಟವಾದ ಕಥೆ ಮಾರ್ ಉಕ್ವಾ ಅವರದು. ಬಾಬಿಲೋನಿನಲ್ಲಿದ್ದ ದೊಡ್ಡ ಮನುಷ್ಯ. ಅವರ ಬೀದಿಯಲ್ಲಿ ಒಬ್ಬ ಬಡವ. ಇವರು ದಿನಾ ಹೋಗಿ ಅವನ ಬಾಗಿಲ ತಿರುಗಣಿಯ ಸಂದಿಯಲ್ಲಿ ನಾಲ್ಕು ನಾಣ್ಯ ಹಾಕಿ ಬರುತ್ತಿದ್ದರು. ಯಾರಪ್ಪಾ ಇದು ಅಂತ ಬಡವನಿಗೆ ಕುತೂಹಲ. ಒಂದು ದಿನ ಕಾದು ಕೂತ. ಅವತ್ತು ಪಾಠಶಾಲೆಯಲ್ಲಿ ಮಾರ್ ಉಕ್ವಾ ಅವರಿಗೆ ತಡವಾಗಿತ್ತು, ಹೆಂಡತಿಯೂ ಜೊತೆಗೆ ಬಂದಿದ್ದರು. ಬಾಗಿಲು ಅಲ್ಲಾಡಿದ್ದೇ ತಡ, ಬಡವ ಹೊರಗೆ ಬಂದ. ಗಂಡ ಹೆಂಡತಿ ಇಬ್ಬರೂ ಓಡಿದರು. ಓಡಿ ಓಡಿ, ಆಗಷ್ಟೇ ಕೆಂಡ ಗುಡಿಸಿ ತೆಗೆದಿದ್ದ ಒಂದು ದೊಡ್ಡ ಒಲೆಯೊಳಗೆ ಹೊಕ್ಕು ಬಚ್ಚಿಟ್ಟುಕೊಂಡರು. ಮಾರ್ ಉಕ್ವಾ ಕಾಲು ಸುಡತೊಡಗಿತು. “ನಿಮ್ಮ ಕಾಲು ನನ್ನ ಕಾಲ ಮೇಲೆ ಇಡಿ” ಅಂದರು ಹೆಂಡತಿ. ಅವರ ಕಾಲು ಸುಡುತ್ತಿರಲಿಲ್ಲ. ತನಗಿಲ್ಲದ ಪುಣ್ಯ ಇವರಿಗೆ ಹೇಗೆ ಅಂತ ಗಂಡನಿಗೆ ಮನಸ್ಸು ಚುರ್ ಅಂದಿತು. ಆಗ ಆ ತಾಯಿ ಹೇಳಿದರು: ನಾನು ಮನೆಯಲ್ಲೇ ಇರುತ್ತೇನೆ, ಬಂದವರಿಗೆ ನಾನು ಕೊಡುವುದು ಕೈಗೆ ಸಿಕ್ಕ ತಕ್ಷಣ ಉಪಯೋಗಕ್ಕೆ ಬರುತ್ತದೆ ಅಂತ. ನೀವು ಕೊಡುವುದು ದುಡ್ಡು, ನಾನು ಕೊಡುವುದು ಊಟ ಅಂತ ಅರ್ಥ.

ಅಷ್ಟೆಲ್ಲ ಯಾಕೆ ಓಡಬೇಕಿತ್ತು? ತಾಲ್ಮುಡ್ ಉತ್ತರವನ್ನೂ ಅಲ್ಲೇ ಕೊಡುತ್ತದೆ. ಇನ್ನೊಬ್ಬನ ಮುಖವನ್ನು ನಾಲ್ಕು ಜನರ ಎದುರು ಬಿಳುಚಿಸುವ ಬದಲು ಉರಿಯುವ ಒಲೆಗೆ ಬೀಳುವುದೇ ಮೇಲು. ಒಲೆಯಲ್ಲಿ ನಿಂತ ಗಂಡ ಹೆಂಡತಿಯನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಆಮೇಲೆ ನಿಮ್ಮ ಫೋಟೋ ನೋಡಿ.

ನಮ್ಮ ಓದುಗರಲ್ಲಿ ಕೆಲವರು ಈಗಾಗಲೇ ಪೆನ್ನು ಎತ್ತಿಕೊಂಡಿರುತ್ತಾರೆ, ನಮ್ಮಲ್ಲೂ ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ ಅಂತ. ಹೌದು, ಅಂತಾರೆ. ಯಹೂದಿಗಳು ಬರೀ ಅಂದು ಸುಮ್ಮನಾಗಲಿಲ್ಲ, ಅದಕ್ಕೊಂದು ವ್ಯವಸ್ಥೆ ಮಾಡಿದರು. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಜೆರುಸಲೇಮಿನ ದೇವಾಲಯದಲ್ಲಿ ಒಂದು ಗುಟ್ಟಿನ ಕೋಣೆ ಇತ್ತು. ಕೊಡುವವರು ಒಳಗೆ ಹೋಗಿ ಗುಟ್ಟಾಗಿ ಇಟ್ಟು ಬರುತ್ತಿದ್ದರು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡವರಾದವರು ಹೋಗಿ ಗುಟ್ಟಾಗಿ ತೆಗೆದುಕೊಳ್ಳುತ್ತಿದ್ದರು. ಯಾರು ಯಾರಿಗೆ ಅನ್ನುವುದು ಯಾರಿಗೂ ಗೊತ್ತಿಲ್ಲ.

ಸಾವಿನ ಮನೆಯ ವಿಷಯಕ್ಕೆ ಬನ್ನಿ, ನಿಮ್ಮ ಪತ್ರ ಅದರದ್ದೇ ಅಲ್ವಾ. ಹಿಂದೆ ಯಹೂದಿಗಳಲ್ಲಿ ಸೂತಕದ ಮನೆಗೆ ಊಟ ಕೊಂಡೊಯ್ಯುವಾಗ ಶ್ರೀಮಂತರಿಗೆ ಬೆಳ್ಳಿ ಬಂಗಾರದ ಬುಟ್ಟಿ, ಬಡವರಿಗೆ ಕಡ್ಡಿ ಬುಟ್ಟಿ. ಬಡವರಿಗೆ ನಾಚಿಕೆಯಾಗುತ್ತಿತ್ತು. ಆಗ ಒಂದು ಕಟ್ಟಳೆ ಬಂತು: ಇನ್ನು ಮೇಲೆ ಎಲ್ಲರಿಗೂ ಕಡ್ಡಿ ಬುಟ್ಟಿಯೇ. ಹೆಣ ಸಾಗಿಸುವ ಖರ್ಚು ಎಷ್ಟು ಏರಿತ್ತು ಅಂದರೆ, ಸಾವಿಗಿಂತ ಅದೇ ಭಾರವಾಗಿ, ಕೆಲವರು ಹೆಣ ಬಿಟ್ಟು ಓಡಿಹೋಗುತ್ತಿದ್ದರಂತೆ. ರಬ್ಬಾನ್ ಗಮ್ಲಿಯೇಲ್ ದೊಡ್ಡ ನಾಯಕರು. ಸತ್ತ ಮೇಲೆ ನನ್ನನ್ನು ಸಾದಾ ನಾರುಬಟ್ಟೆಯಲ್ಲಿ ಸಾಗಿಸಿ ಅಂದರು. ಅವರನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಬಡವರನ್ನು ಮೇಲೆತ್ತಲು ಆಗದ ಕಡೆ ಉಳ್ಳವರು ಕೆಳಗಿಳಿದು ಪಕ್ಕದಲ್ಲಿ ನಿಂತರು.

ತಾಲ್ಮುಡ್ಡಿಗೆ ಮೂಲವಾದ ನಿಯಮಗಳ ಸಂಗ್ರಹ ಮಿಶ್ನಾ. ಅದರಲ್ಲಿ ಇನ್ನೊಂದು ಮಾತಿದೆ. ವರ್ಷಕ್ಕೆ ಎರಡು ದಿನ ಜೆರುಸಲೇಮಿನ ಹುಡುಗಿಯರು ಬಿಳಿ ಬಟ್ಟೆ ತೊಟ್ಟು ದ್ರಾಕ್ಷಿ ತೋಟದಲ್ಲಿ ಕುಣಿಯಲು ಹೋಗುತ್ತಿದ್ದರು. ಎಲ್ಲರೂ ತೊಡಬೇಕಾದ್ದು ಸಾಲ ತಂದ ಬಟ್ಟೆ. ಸ್ವಂತದ್ದು ಇದ್ದವಳೂ ಸಾಲ ತರಬೇಕು. ಇಲ್ಲದವಳಿಗೆ ನಾಚಿಕೆ ಆಗಬಾರದು ಅನ್ನುವ ಒಂದೇ ಕಾರಣಕ್ಕೆ. ನಿಮ್ಮ ಗೆಳತಿಯನ್ನು ‘ಗೆಮಾಖ್’ ಅಂದರೇನು ಅಂತ ಕೇಳಿ ನೋಡಿ. ಮದುವೆ ಉಡುಪು, ಮಗುವಿನ ತೊಟ್ಟಿಲು, ಗಾಲಿಕುರ್ಚಿ ಇಂಥದ್ದನ್ನೆಲ್ಲ ಬಿಟ್ಟಿಯಾಗಿ ಎರವಲು ಕೊಡುವ ಮನೆಗಳು, ಕೋಣೆಗಳು ಯಹೂದಿ ಬಡಾವಣೆಗಳಲ್ಲಿ ಇವತ್ತಿಗೂ ಇವೆ. ನಿಮ್ಮ ಪಕ್ಕದ ನ್ಯೂಯಾರ್ಕಿನಲ್ಲಿ 1892ರಲ್ಲಿ ಶುರುವಾದ ಹೀಬ್ರೂ ಫ್ರೀ ಲೋನ್ ಸೊಸೈಟಿ ಇನ್ನೂ ಬಡ್ಡಿ ಇಲ್ಲದೆ ಸಾಲ ಕೊಡುತ್ತಿದೆ. ಹಳೆಯ ನಿಯಮ ಈ ಕಾಲಕ್ಕೆ ಹೊಂದುತ್ತದೆಯೇ ಅಂತ ಕೇಳಿದಿರಿ. ನಿಮ್ಮ ಮನೆಯಿಂದ ಒಂದಷ್ಟು ಮೈಲಿ ದೂರದಲ್ಲಿ ಅದು ದಿನಾ ಕೆಲಸ ಮಾಡುತ್ತಿದೆ.

ಲೆಕ್ಕದ ಮಾತು ಬಾಕಿ ಇದೆ. ಅದಕ್ಕೂ ಮಿಶ್ನಾದಲ್ಲಿ ದಾರಿ ಇದೆ. ಊರ ಹುಂಡಿಯ ಹಣ ವಸೂಲಿಗೆ ಒಬ್ಬರೇ ಹೋಗಬಾರದು, ಇಬ್ಬರು ಬೇಕು. ಹಂಚುವಾಗ ಮೂವರು ಕೂತು ತೀರ್ಮಾನಿಸಬೇಕು. ನಿಮ್ಮ ಬಳಗದಲ್ಲಿ ಎಲ್ಲರೂ ನಂಬುವ ಮೂವರು ಸಿಗುವುದಿಲ್ಲವೇ? ಇಷ್ಟು ಬಂತು, ಇಷ್ಟು ತಲುಪಿತು ಅಂತ ಆ ಮೂವರು ಎರಡು ಸಾಲು ಬರೆದರೆ ಸಾಕು.

ಈಗ ನನ್ನದೊಂದು ವಿಷಯ ಹೇಳಬೇಕು. ಇಷ್ಟು ವರ್ಷ ಬರೆದಿರಲಿಲ್ಲ. ನಾನಾಗ ಎಂಟನೇ ಕ್ಲಾಸು. ಆಗಸ್ಟ್ 15ರಂದು ಧ್ವಜ ಹಾರಿಸಿದ ಮೇಲೆ ‘ಬಡ ವಿದ್ಯಾರ್ಥಿಗಳಿಗೆ ಉಚಿತ ಸಮವಸ್ತ್ರ’ ಅಂತ ಮೈಕಿನಲ್ಲಿ ಕೂಗಿದರು. ನನ್ನ ಹೆಸರು ನಾಲ್ಕನೆಯದು. ವೇದಿಕೆ ಹತ್ತಿ ಕೈ ಚಾಚಿದೆ. ಖಾಕಿ ಬಟ್ಟೆ, ಬಿಳಿ ಬಟ್ಟೆ, ಹುರಿಯಲ್ಲಿ ಕಟ್ಟಿದ ಕಟ್ಟು. ಫೋಟೋ ತೆಗೆಯುವವರ ಫ್ಲಾಷ್ ಹೊತ್ತಲಿಲ್ಲ. “ಇನ್ನೊಂದ್ಸಲ ಕೊಡಿ ಸಾರ್” ಅಂದರು. ನಾನು ಕಟ್ಟನ್ನು ವಾಪಸ್ ಕೊಟ್ಟು ಮತ್ತೆ ಕೈ ಚಾಚಿದೆ. ಕೆಳಗೆ ನಮ್ಮ ಕ್ಲಾಸಿನವರು ಸಾಲಾಗಿ ಕೂತಿದ್ದರು. ಕೊಟ್ಟವರು ಒಳ್ಳೆಯವರು, ನಾನು ಬಲ್ಲೆ. ಬಟ್ಟೆಯೂ ಗಟ್ಟಿ, ಎರಡು ವರ್ಷ ಬಾಳಿಕೆ ಬಂತು. ಆ ಎರಡು ವರ್ಷವೂ ಅದನ್ನು ಹಾಕಿಕೊಳ್ಳುವಾಗ ನನಗೆ ಕೇಳಿಸುತ್ತಿದ್ದದ್ದು ಆ ಮೈಕು.

ಆಗ ಒಂದು ಊರಿನ ಕಣ್ಣು, ಒಂದು ಫ್ಲಾಷು. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ಲಾಕ್‌ಡೌನ್ ದಿನಗಳಲ್ಲಿ ಒಂದು ಅಕ್ಕಿ ಚೀಲಕ್ಕೆ ಆರೇಳು ಜನ ಕೈ ಹಾಕಿ ನಿಂತ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಹಣ ಎತ್ತುವ ಆ್ಯಪ್‌ಗಳಲ್ಲಿ ಮೂಗಿಗೆ ನಳಿಕೆ ಹಾಕಿದ ಕೂಸಿನ ಮುಖ ಹಾಕದಿದ್ದರೆ ಜನ ಕೊಡುವುದಿಲ್ಲ ಅಂತಾರೆ. ಆ ಕೂಸು ನಾಳೆ ಬದುಕಿ ಬೆಳೆದು ತನ್ನ ಹೆಸರು ಹುಡುಕಿದರೆ ಅದಕ್ಕೆ ಸಿಗುವುದು ಆ ಚಿತ್ರವೇ. ಕಷ್ಟದಲ್ಲಿರುವವರು ತಮ್ಮ ಕಷ್ಟವನ್ನು ಪ್ರದರ್ಶನಕ್ಕಿಟ್ಟರೆ ಮಾತ್ರ ನಮ್ಮ ಕೈ ಜೇಬಿಗೆ ಹೋಗುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ. ಹಸಿದಿದ್ದೇನೆ ಅಂದವನನ್ನು ವಿಚಾರಣೆ ಮಾಡದೆ ಮೊದಲು ಉಣಿಸು ಅಂತ ಬರೆದಿದ್ದರು ಯಹೂದಿ ಪಂಡಿತ ಮೈಮೊನಿಡಿಸ್.

ಈ ಮೈಮೊನಿಡಿಸ್ ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯರಾಗಿದ್ದು, 1204ರಲ್ಲಿ ತೀರಿಕೊಂಡವರು. ಕೊಡುವುದರಲ್ಲಿ ಎಂಟು ಮೆಟ್ಟಿಲು ಎಣಿಸಿದ್ದಾರೆ. ಮುಖ ಗಂಟಿಕ್ಕಿಕೊಂಡು ಕೊಡುವುದು ಕೊನೆಯದು. ಕೊಟ್ಟವನಿಗೆ ಪಡೆದವನು, ಪಡೆದವನಿಗೆ ಕೊಟ್ಟವನು ಗೊತ್ತಾಗದಂತೆ ಕೊಡುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನದು, ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು, ಅವನು ಮತ್ತೆ ಕೈ ಚಾಚದಂತೆ ಮಾಡುವುದು.

ಹಾಗಾಗಿ ಚೆಕ್ ಕೊಟ್ಟಾಯಿತು ಅಂತ ಕೈತೊಳೆದುಕೊಳ್ಳಬೇಡಿ ಮೇಡಂ. ಅವರು ಗಂಡನ ವೀಸಾದ ಮೇಲೆ ಬಂದವರಾಗಿದ್ದರೆ ಅಲ್ಲಿ ಉಳಿಯುವುದೇ ಪ್ರಶ್ನೆಯಾಗಿರಬಹುದು. ಒಬ್ಬ ಒಳ್ಳೆಯ ವಕೀಲರ ಹತ್ತಿರ ಕರೆದುಕೊಂಡು ಹೋಗಿ. ಕೆಲಸ ಮಾಡಲು ಅನುಮತಿ ಇದ್ದರೆ ನಿಮ್ಮ ಬಳಗದಲ್ಲಿ ಕೆಲಸ ಕೊಡಿಸಬಲ್ಲವರು ಯಾರು ಅಂತ ನೋಡಿ. ವಾರಕ್ಕೊಂದು ಸಂಜೆ ಸಾರು ಪಲ್ಯ ಮಾಡಿಕೊಂಡು ಹೋಗಿ ಜೊತೆಗೆ ಕೂತು ಉಣ್ಣಿ. ಫೋನು ಕಾರಿನಲ್ಲೇ ಇರಲಿ.

ಮತ್ತು ಆ ಫೋಟೋ ಗುಂಪಿನಲ್ಲಿ ಇನ್ನೂ ಇದ್ದರೆ ಇವತ್ತೇ ತೆಗೆಸಿ. ಇಳಿಸಿಕೊಂಡವರಿಗೂ ಅಳಿಸಿ ಅಂತ ಹೇಳಿ. ದೊಡ್ಡ ಹುಡುಗನಿಗೆ ಹದಿನಾಲ್ಕು ಅಂದಿರಿ. ಅವನ ಸ್ನೇಹಿತರ ಅಪ್ಪ ಅಮ್ಮಂದಿರ ಫೋನಿನಲ್ಲೆಲ್ಲ ಈಗ ಅವನಮ್ಮ ಚೆಕ್ ಹಿಡಿದು ನಿಂತಿದ್ದಾರೆ.