ಇಜಿಆರ್ ಮುಚ್ಚಿಸಿದರೆ ಘಟ್ಟದಲ್ಲಿ ಹೊಗೆ ನಿಲ್ಲುತ್ತದೆಯೇ?

ಪ್ರಶ್ನೆ: ನನ್ನದು 2012ರ ಡೀಸೆಲ್ ಕಾರು. ಮನೆಯಿಂದ ಶಿರಸಿ ಪೇಟೆಗೆ ದಿನವೂ ಐದಾರು ಕಿಲೋಮೀಟರ್ ಓಡಾಟ, ಅಪರೂಪಕ್ಕೆ ಕುಮಟಾಕ್ಕೆ ಹೋಗಿಬರುತ್ತೇನೆ. ಈಚೆಗೆ ದೇವಿಮನೆ ಘಟ್ಟ ಹತ್ತುವಾಗ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ. ಇಜಿಆರ್ ವಾಲ್ವ್‌ಗೆ ತಗಡು ಕೂರಿಸಿ ಮುಚ್ಚಿ, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೀ ಪೈಪು ಹಾಕಿದರೆ ಸರಿಯಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದೇ?

ಉತ್ತರ: ಎರಡನ್ನೂ ಮಾಡಿಸಬೇಡಿ. ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗದಿದ್ದಾಗ ಕಪ್ಪು ಹೊಗೆ ಬರುತ್ತದೆ. ಗಾಳಿ ಎಲ್ಲಿ ತಪ್ಪುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು.

ಹೊರಹೋಗುವ ಹೊಗೆಯ ಒಂದು ಪಾಲನ್ನು ಇಜಿಆರ್ ಮತ್ತೆ ಎಂಜಿನ್ನಿನೊಳಕ್ಕೆ ಬಿಡುತ್ತದೆ. ಇದರಿಂದ ದಹನದ ಉಷ್ಣತೆ ತಗ್ಗಿ, ಶ್ವಾಸಕೋಶಕ್ಕೆ ಕೆಡುಕು ಮಾಡುವ ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಹುಟ್ಟುತ್ತವೆ. ಆದರೆ ಪೂರ್ತಿ ಆ್ಯಕ್ಸಿಲರೇಟರ್ ತುಳಿದು ಘಟ್ಟ ಹತ್ತುವಾಗ ಸುಸ್ಥಿತಿಯಲ್ಲಿರುವ ವಾಲ್ವ್ ತಾನೇ ಮುಚ್ಚಿಕೊಂಡಿರುವುದರಿಂದ, ಅದಕ್ಕೆ ತಗಡು ಹಾಕಿ ಹೊಸ ಶಕ್ತಿಯನ್ನೇನೂ ಪಡೆಯಲಾಗದು. ಮಸಿಯೂ ಎಣ್ಣೆಯ ಆವಿಯೂ ಬೆರೆತ ಡಾಂಬರಿನಂಥ ಜಿಡ್ಡು ಕಟ್ಟಿ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಮಾತ್ರ ಮುಚ್ಚಿದಾಗ ಹೊಗೆ ತಗ್ಗುತ್ತದೆ. ನಿಮ್ಮ ಮೆಕ್ಯಾನಿಕ್ ಹೇಳುವುದರಲ್ಲಿ ಅಷ್ಟು ನಿಜವಿದೆ. ಅದೇ ಫಲ ವಾಲ್ವ್ ಬಿಚ್ಚಿ ತೊಳೆಸಿದರೂ, ಕೆಟ್ಟಿದ್ದರೆ ಹೊಸದು ಹಾಕಿಸಿದರೂ ದೊರೆಯುತ್ತದೆ. ತಗಡು ಹಾಕಿದರೆ ಬಹಳಷ್ಟು ಕಾರುಗಳಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ದೋಷ ಗುರುತಿಸಿ ಎಂಜಿನ್ ದೀಪ ಹೊತ್ತಿಸುತ್ತದೆ, ಆಮೇಲೆ ನಿಜವಾದ ದೋಷ ಬಂದರೂ ಆ ದೀಪದಿಂದ ತಿಳಿಯುವುದಿಲ್ಲ.

ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವ ನಿಮ್ಮ ದಿನದ ಓಡಾಟವೇ ಮಸಿ ಕಟ್ಟಲು ಹೇಳಿ ಮಾಡಿಸಿದಂತಿದೆ. ಆದರೂ ವಾಲ್ವ್‌ಗೆ ಕೈಹಾಕುವ ಮೊದಲು ಏರ್ ಫಿಲ್ಟರ್, ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಅದನ್ನು ತಂಪುಗೊಳಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸು, ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ನೋಡಿಸಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಬೆಚ್ಚಗೆ ಸೇರಿಕೊಳ್ಳುವ ಇಲಿಗಳು ಈ ಪೈಪುಗಳನ್ನು ಕಡಿಯುವುದು ಸಾಮಾನ್ಯ. ಹೋಸಿನ ಮಡಿಕೆಯಲ್ಲಿ ಎಣ್ಣೆ ಜಿನುಗಿದ ಗುರುತಿದ್ದರೆ ಅಲ್ಲಿಯೇ ಸೀಳು ಬಿಟ್ಟಿರಬಹುದು. ಆನಂತರ ಸ್ಕ್ಯಾನರ್ ಹಾಕಿಸಿ ಗಾಳಿಯ ಹರಿವಿನ ಸೆನ್ಸರ್ ಹಾಗೂ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಪರೀಕ್ಷಿಸಲಿ.

ಕನ್ವರ್ಟರ್ ಕಾರ್ಬನ್ ಮೊನಾಕ್ಸೈಡನ್ನೂ ಸುಡದೆ ಉಳಿದ ಇಂಧನದ ಅಂಶವನ್ನೂ ಸುಡುತ್ತದೆ. ಅದು ಕಟ್ಟಿಕೊಂಡಿದ್ದರೆ ಸೋರುವ ಇಂಜೆಕ್ಟರ್ ಅಥವಾ ಎಣ್ಣೆ ಸುಡುವ ಎಂಜಿನ್ ಕಾರಣವಿರಬಹುದು. ಅದನ್ನು ಸರಿಪಡಿಸದೆ ಬರೀ ಪೈಪು ಹಾಕಿದರೆ ದೋಷ ಹಾಗೆಯೇ ಉಳಿದು, ಘಾಟು ಹೊಗೆ ಮಾತ್ರ ಹೆಚ್ಚುತ್ತದೆ.

ಕಾನೂನಿನ ಮಾತೂ ಇದೆ. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಡೀಸೆಲ್ ಕಾರಿನ ಎಮಿಷನ್ ಟೆಸ್ಟಿನಲ್ಲಿ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಹಾಗೆಂದು ಅದನ್ನು ಊರಿನವರ ಉಸಿರಿಗೆ ಬಿಡುವುದು ನ್ಯಾಯವಲ್ಲ. ನಿಮ್ಮ ಕಾರಿಗೆ 2027ರಲ್ಲಿ 15 ವರ್ಷ ತುಂಬುತ್ತದೆ. ನೋಂದಣಿ ನವೀಕರಣಕ್ಕೆ ಆರ್‌ಟಿಒ ತಪಾಸಣೆಗೆ ಒಯ್ಯುವಾಗ ಬಿಚ್ಚಿಸಿದ ಭಾಗಗಳನ್ನು ಹುಡುಕಿ ಮತ್ತೆ ಜೋಡಿಸುವ ಖರ್ಚು ನಿಮ್ಮ ಮೇಲೆಯೇ ಬೀಳುತ್ತದೆ.

ವಾಲ್ವ್ ತೊಳೆಸುವಾಗ ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಸಹ ಬಿಚ್ಚಿಸಿ ತೊಳೆಸಿ, ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಮುಂದೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ, ಎಂಜಿನ್ ಚೆನ್ನಾಗಿ ಕಾಯುವಂತೆ ಯಲ್ಲಾಪುರದ ಕಡೆಗೋ ಸಿದ್ದಾಪುರದ ಕಡೆಗೋ ಒಂದೇ ಸಮನೆ ಓಡಿಸಿ.